ಮೂರನೇ ಸಲ ಕೇಳದ ದೇಶದಲ್ಲಿ

ಜಗಳೂರು

"ಇನ್ನೊಂದು ರೊಟ್ಟಿ ಹಾಕ್ಲಾ?"

"ಬ್ಯಾಡ ದೊಡ್ಡವ್ವ."

"ಅರ್ಧ?"

"ಬ್ಯಾಡ, ಹೊಟ್ಟೆ ತುಂಬೈತೆ."

"ಪರದೇಶಕ್ಕೆ ಹೋಗೋಳು, ಈ ಮನ್ಯಾಗೆ ಮತ್ತೆ ಯಾವಾಗ ಉಣ್ತೀಯೋ ಏನೋ."

ರೊಟ್ಟಿ ತಟ್ಟೆಗೆ ಬಿತ್ತು. ಅರ್ಧವಲ್ಲ, ಪೂರ್ತಿ. ನಾನು ಅದಕ್ಕೇ ಕಾಯುತ್ತಿದ್ದೆ.

ನಮ್ಮ ಕಡೆ ಊಟಕ್ಕೆ ಕೂತವರು ಬೇಡ ಎನ್ನಲೇಬೇಕು. ಮೊದಲ ಸಲಕ್ಕೇ ತಟ್ಟೆ ಮುಂದೆ ಮಾಡಿದವಳನ್ನು ಕಂಡರೆ 'ಇವರ ಮನ್ಯಾಗೆ ಒಲೆ ಹಚ್ಚಾಕಿಲ್ಲೇನೋ' ಎಂದು ಒಳಮನೆಯಲ್ಲಿ ಮಾತಾಗುತ್ತದೆ. ಎರಡನೇ ಬೇಡ ಹೆತ್ತವರ ಮರ್ಯಾದೆಗೆ. ಮೂರನೇ ಸಲ ಕೇಳುವುದು ಬಡಿಸುವವರ ಧರ್ಮ, ಅಲ್ಲಿಗೆ ಇಬ್ಬರೂ ಪಾಸು. ನಿಜವಾಗಿಯೂ ಸಾಕಾದವರು ಎರಡೂ ಕೈಯಿಂದ ತಟ್ಟೆ ಮುಚ್ಚಿಕೊಂಡು ಮುಂದಕ್ಕೆ ಬಾಗಬೇಕು. ಆಗಲೂ ಬೆರಳ ಸಂದಿಯಿಂದ ಸಾರು ಬಿಡುವ ಕಲೆ ನಮ್ಮ ದೊಡ್ಡವ್ವನಿಗೆ ಗೊತ್ತು.

ನನ್ನ ಹೆಸರು ಸುಜಾತ. ಬುದ್ಧನಿಗೆ ಪಾಯಸ ಬಡಿಸಿದವಳ ಹೆಸರು ಅಂತ ಅಪ್ಪ ಇಟ್ಟದ್ದು. ಬುದ್ಧ ಎಷ್ಟು ಸಲ ಬೇಡ ಅಂದನೋ ಯಾರೂ ಬರೆದಿಟ್ಟಿಲ್ಲ. ನಮ್ಮದು ಚನ್ನಗಿರಿ ತಾಲ್ಲೂಕು, ಸಂತೇಬೆನ್ನೂರಿನಿಂದ ಆಚೆಗೆ ಒಂದು ಹಳ್ಳಿ. ಅಪ್ಪ ಪಂಚಾಯ್ತಿಯಲ್ಲಿ ನಲ್ಲಿಗೆ ನೀರು ಬಿಡುವವರು, ಅವ್ವ ಸ್ಕೂಲಿನಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುವವಳು. ನಮ್ಮ ವಂಶದಲ್ಲಿ ಸಹಿ ಹಾಕಲು ಕಲಿತ ಮೊದಲಿಗಳು ಅವ್ವ, ಡಿಗ್ರಿ ಮಾಡಿದ ಮೊದಲಿಗಳು ನಾನು. ನಡುವೆ ಯಾರೂ ಇಲ್ಲ. ಕೃಷಿ ಪದವಿ ಮುಗಿಸಿದ ಮೇಲೆ ಒಂದು ಬೀಜದ ಕಂಪನಿಗೆ ಮೆಕ್ಕೆಜೋಳದ ಹೊಲ ನೋಡುತ್ತ ಹೊನ್ನಾಳಿ, ನ್ಯಾಮತಿ, ಜಗಳೂರು ಸುತ್ತಿದೆ. ಸುತ್ತುತ್ತಲೇ ಅರ್ಜಿ ಹಾಕಿದೆ. ಬೇಡ ಅಂದರು. ಮತ್ತೆ ಹಾಕಿದೆ. ಮತ್ತೆ ಬೇಡ ಅಂದರು. ಕೊನೆಗೆ ನೆದರ್‌ಲ್ಯಾಂಡ್ಸಿನ ಒಂದು ವಿಶ್ವವಿದ್ಯಾಲಯ ಬೀಜ ವಿಜ್ಞಾನ ಓದಲು ಸೀಟು ಕೊಟ್ಟಿತು, ವಿದ್ಯಾರ್ಥಿವೇತನವೂ ಸಿಕ್ಕಿತು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ಯಾರಾದರೂ ಕೇಳಿಸಲಿಲ್ಲ ಅಂದರೆ ಮತ್ತೊಮ್ಮೆ ಹೇಳುತ್ತೇನೆ.

ಹೊರಡುವ ಮುಂಚೆ ನೆಂಟರ ಮನೆಗಳಿಗೆಲ್ಲ ಹೋಗಿ ಹೇಳಿ ಬರಬೇಕು. ಫೋನಿನಲ್ಲಿ ಹೇಳಿದರೆ ಹೇಳಿದ ಲೆಕ್ಕವಲ್ಲ. ಜಗಳೂರಿನ ದೊಡ್ಡವ್ವ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೇಳಿದಳು, "ಅಲ್ಲಿ ಇರಾಕೆ ಮನೆ ಗೊತ್ತಾಗೈತೇನೆ?"

"ಹ್ಞೂಂ, ಆಗೈತೆ."

ಸುಳ್ಳು. ಆ ದೇಶದಲ್ಲಿ ಮನೆಗಳಿಗೆ ಬರ. ವಿಶ್ವವಿದ್ಯಾಲಯದವರೇ 'ರೂಮು ಸಿಕ್ಕಿರದಿದ್ದರೆ ದಯವಿಟ್ಟು ಬರಬೇಡಿ' ಎಂದು ಇಮೇಲ್ ಹಾಕಿದ್ದರು. ಬಾ ಎಂದವರೇ ಬರಬೇಡ ಅನ್ನುವುದನ್ನು ಅಲ್ಲೇ ನೋಡಿದ್ದು. ಅಲ್ಲಿನ ನಗರಸಭೆಯಲ್ಲಿ ಒಂದು ವಿಳಾಸ ಬರೆಸಬೇಕು, ವಿಳಾಸವಿದ್ದರೆ ವಿದ್ಯಾರ್ಥಿವೇತನ ಶುರು. ಕ್ಲಾಸು ಶುರುವಾಗುವುದರೊಳಗೆ ವಿಳಾಸವಿಲ್ಲದಿದ್ದರೆ ಸೀಟು ಬೇರೆಯವರಿಗೆ. ನನ್ನ ಬಳಿ ಇದ್ದದ್ದು ಪ್ರವಾಸಿಗರು ಉಳಿಯುವ ಒಂದು ಹಾಸ್ಟೆಲಿನಲ್ಲಿ ಕೆಲವು ದಿನದ ಮಂಚ ಮಾತ್ರ, ಅದಕ್ಕೆ ವಿಳಾಸದ ಪದವಿ ಇಲ್ಲ. ಅಂದರೆ ರೂಮು ಸಿಕ್ಕರೆ ಎಂ.ಎಸ್ಸಿ., ಸಿಗದಿದ್ದರೆ ವಾಪಸ್ ಜಗಳೂರಿನ ಮೆಕ್ಕೆಜೋಳ.

ಹೊನ್ನಾಳಿ

ರೂಮು ಹುಡುಕುವುದರಲ್ಲಿ ನಾನು ಅನುಭವಸ್ಥೆ. ಕಂಪನಿ ಕೆಲಸಕ್ಕೆ ಹೊನ್ನಾಳಿಗೆ ಬಂದಾಗ ಬಾಡಿಗೆಗಿದೆ ಎಂಬ ಬೋರ್ಡು ಕಂಡಲ್ಲೆಲ್ಲ ನಿಂತಿದ್ದೆ. ಈಗ ಹೇಳಿ ಬರಲು ಗೆಳತಿಯ ಮನೆಗೆ ಹೋದಾಗ ಆಗ ಅಲೆದಿದ್ದ ಒಂದು ಬೀದಿಯಲ್ಲಿ ನಡೆದೆ.

ರೂಮು ಹುಡುಕುತ್ತಿದ್ದಾಗ ಆ ಬೀದಿಯ ಒಂದು ಮನೆಯ ಅಮ್ಮ ಎಷ್ಟು ಒಳ್ಳೆಯವರೆಂದರೆ ರೂಮು ತೋರಿಸಿದರು, ಫ್ಯಾನು ಹಾಕಿ ತೋರಿಸಿದರು, ಮಜ್ಜಿಗೆ ಕೊಟ್ಟರು. ಆಮೇಲೆ ಕೇಳಿದರು.

"ಯಾವೂರಮ್ಮ ನಿಮ್ದು?"

ಹೇಳಿದೆ.

"ಊರಾಗೆ ಯಾವ ಕಡೆ ಮನೆ?"

ನಮ್ಮ ಕಡೆ ಈ ಪ್ರಶ್ನೆಗೆ ಉತ್ತರ ಕೊಟ್ಟರೆ ಜಾತಿ ಹೇಳಿದಂತೆ. "ಕಾಲೋನಿ, ಆಂಟಿ," ಅಂದೆ.

"ಅಯ್ಯೋ, ನಮ್ಮೆಜಮಾನ್ರು ಮೊನ್ನೇನೇ ಯಾರ ಹತ್ರಾನೋ ಅಡ್ವಾನ್ಸ್ ತಗಂಡಾರಂತೆ ಕಣಮ್ಮ. ನಂಗೆ ಹೇಳೇ ಇಲ್ಲ ನೋಡು."

ಬೋರ್ಡು ಮಾತ್ರ ಇಳಿಯಲಿಲ್ಲ. ದಿನಾ ಗಾಡಿಯಲ್ಲಿ ಅದೇ ದಾರಿ ನನ್ನದು. ದಿನಾ ಗಾಡಿ ನಿಧಾನ ಮಾಡಿ ಕೇಳುತ್ತಿದ್ದೆ, "ಆಂಟೀ, ಅವ್ರು ಇನ್ನೂ ಬರ್ಲಿಲ್ವಾ?" ಮೊದಮೊದಲು "ಬರ್ತಾರಮ್ಮ" ಅನ್ನುತ್ತಿದ್ದರು. ಆಮೇಲೆ ನನ್ನ ಗಾಡಿ ಸದ್ದು ಕೇಳಿದರೆ ಒಳಗೆ ಹೋಗುತ್ತಿದ್ದರು. ಕೊನೆಗೊಂದು ದಿನ ಬೋರ್ಡನ್ನು ಗೇಟಿನ ಒಳಮುಖಕ್ಕೆ ತಿರುಗಿಸಿ ಕಟ್ಟಿದ್ದರು. ಮನೆಯವರಿಗೇ ಬಾಡಿಗೆಗೆ ಇಟ್ಟಂತೆ.

ನ್ಯಾಮತಿ

ನ್ಯಾಮತಿಯಲ್ಲಿ ಸೋದರಮಾವನಿದ್ದಾನೆ, ಲಗೇಜ್ ಆಟೋ ಓಡಿಸುತ್ತಾನೆ. ವಿಮಾನದಲ್ಲಿ ಇಪ್ಪತ್ತಮೂರು ಕೆಜಿಗಿಂತ ಹೆಚ್ಚು ಬಿಡುವುದಿಲ್ಲ ಎಂದಿದ್ದೇ ತಪ್ಪಾಯಿತು. "ನಡಿ, ತೂಗಿಸಾಣ," ಎಂದು ನನ್ನ ಸೂಟ್‌ಕೇಸನ್ನು ಆಟೋಗೆ ಹಾಕಿಕೊಂಡು ಮೆಕ್ಕೆಜೋಳದ ವ್ಯಾಪಾರಿಯ ಅಂಗಡಿಗೆ ಹೊಡೆದ. ಚೀಲ ತೂಗುವ ಯಂತ್ರದ ಮೇಲೆ ಸೂಟ್‌ಕೇಸು ಕೂತಿತು.

ವ್ಯಾಪಾರಿ ಕನ್ನಡಕ ಏರಿಸಿ ನೋಡಿ, "ಇಪ್ಪತ್ನಾಕೂವರೆ. ತೇವಾಂಶಕ್ಕೆ ಒಂದೂವರೆ ಕಳದ್ರೆ ಇಪ್ಪತ್ಮೂರು. ಸರಿ ಐತೆ, ತಗಂಡೋಗ್ರಿ," ಅಂದ.

ಆ ಮನುಷ್ಯನ ತಕ್ಕಡಿ ಏರಿದ ಯಾವ ಮಾಲೂ ತೇವಾಂಶ ಕಳೆಯದೆ ಇಳಿದದ್ದಿಲ್ಲ. ಅಭ್ಯಾಸಬಲ. ಮಾವ ತಲೆಯಾಡಿಸಿದ. ಕೃಷಿ ಪದವೀಧರೆಯಾದ ನಾನೂ ತಲೆಯಾಡಿಸಿದೆ. ಮೆಕ್ಕೆಜೋಳದ ತೂಕ ಎಂದರೆ ತೇವಾಂಶ ಕಳೆದ ತೂಕ ಎಂದು ನನ್ನ ರಕ್ತಕ್ಕೂ ಗೊತ್ತು.

ಬೆಂಗಳೂರಿನ ವಿಮಾನ ನಿಲ್ದಾಣದ ಹುಡುಗಿಗೆ ಗೊತ್ತಿರಲಿಲ್ಲ. "ಮ್ಯಾಮ್, ಒಂದೂವರೆ ಕೆಜಿ ಜಾಸ್ತಿ ಇದೆ." ತೇವಾಂಶ ಎಂದು ಬಾಯಿಯ ತುದಿಗೆ ಬಂತು, ನುಂಗಿಕೊಂಡೆ. ಎಲ್ಲರ ಎದುರು ಸೂಟ್‌ಕೇಸು ಬಿಚ್ಚಿ ಶೇಂಗಾ ಚಟ್ನಿಪುಡಿಯ ಡಬ್ಬಿ ಅಪ್ಪನ ಕೈಗೆ ಕೊಟ್ಟೆ, ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡೆ. ಬೀಳ್ಕೊಡುವಾಗ ಅಪ್ಪ ಅತ್ತರೋ, ನನ್ನ ಗಾತ್ರ ನೋಡಿ ನಕ್ಕರೋ, ಗಾಜಿನ ಆಚೆಯಿಂದ ತಿಳಿಯಲಿಲ್ಲ.

ಆಕಾಶದಲ್ಲಿ

ಗಗನಸಖಿ ಊಟದ ಗಾಡಿ ತಂದು ಬೇಕಾ ಎಂದು ಕೇಳಿದಳು. ಬೇಡ ಅಂದೆ. ಗಾಡಿ ಮುಂದಕ್ಕೆ ಹೋಯಿತು.

ವಾಪಸ್ ಬರುವಾಗ ಕೇಳುತ್ತಾಳೆ ಎಂದುಕೊಂಡೆ. ವಾಪಸ್ ಬಂದಳು, ಖಾಲಿ ತಟ್ಟೆಗಳನ್ನು ಎತ್ತಿಕೊಳ್ಳಲು. ಪಕ್ಕದವರು ಬಿಟ್ಟಿದ್ದ ಬನ್ನನ್ನು ಇಡೀ ಅರಬ್ಬೀ ಸಮುದ್ರದುದ್ದಕ್ಕೂ ನೋಡುತ್ತ ಕೂತಿದ್ದವಳು ನಾನು. ಬುದ್ಧಿ ಇದ್ದಿದ್ದರೆ ಪಾಠ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಾನು, ಪಾಪ ಅವಳಿಗೆ ಕೆಲಸ ಜಾಸ್ತಿ, ಎಂದು ಸಮಾಧಾನ ಮಾಡಿಕೊಂಡೆ.

ಹಾಸ್ಟೆಲು

ಇಳಿದ ಮೇಲೆ ರೈಲು, ರೈಲಾದ ಮೇಲೆ ಬಸ್ಸು. ಇಡೀ ದೇಶ ನೀರು ಕಟ್ಟಿದ ಗದ್ದೆಯ ಹಾಗೆ ಮಟ್ಟಸ. ಎಲ್ಲಿ ನೋಡಿದರೂ ಹಸು, ಆದರೆ ಒಂದನ್ನಾದರೂ ಯಾರೂ ಬಯ್ಯುತ್ತಿಲ್ಲ. ನಮ್ಮಲ್ಲಿ ಹಸು ಕಾಯುವುದು ಎಂದರೆ ಮುಕ್ಕಾಲು ಪಾಲು ಬಯ್ಯುವುದೇ.

ಆ ಊರಿನವರು ಕಿಟಕಿಗೆ ಪರದೆ ಎಳೆಯುವುದಿಲ್ಲ. ಬೀದಿಯಲ್ಲಿ ನಿಂತರೆ ಒಳಗಿನ ಸೋಫಾ, ಟೀವಿ, ಊಟದ ಮೇಜು ಎಲ್ಲ ಕಾಣುತ್ತದೆ. ನಾನು ಒಂದು ಕಿಟಕಿಯೆದುರು ನಿಂತು ಅವರು ಏನು ಉಣ್ಣುತ್ತಿದ್ದಾರೆಂದು ಧಾರಾಳವಾಗಿ ನೋಡಿದೆ. ನಮ್ಮೂರಾಗಿದ್ದರೆ 'ಏನ್ ನೋಡ್ತೀಯೇ, ಒಳಗೆ ಬಾ' ಅನ್ನುತ್ತಿದ್ದರು. ಆ ಮನೆಯವರು ಕೈ ಬೀಸಿದರು, ಮತ್ತೆ ಆಲೂಗಡ್ಡೆಗೆ ಮರಳಿದರು.

ಹಾಸ್ಟೆಲಿನಲ್ಲಿ ನನ್ನ ಮೇಲಿನ ಮಂಚದವಳು ಘಾನಾ ದೇಶದ ಅಬೆನಾ. ಅವಳೂ ಹೊಸ ವಿದ್ಯಾರ್ಥಿನಿ, ಆದರೆ ಅವಳಿಗೆ ರೂಮು ಸಿಕ್ಕಾಗಿತ್ತು, ಬೀಗದ ಕೈ ಬರುವುದು ಬಾಕಿ. ಇಬ್ಬರೂ ಕೂತು ಫೋನಿನಲ್ಲಿ ಜಾಹೀರಾತು ನೋಡಿದೆವು. ಅನೇಕವುಗಳಲ್ಲಿ ಒಂದೇ ಸಾಲು: ಡಚ್ಚರಿಗೆ ಮಾತ್ರ.

"ಬರೆದೇ ಹಾಕಿದ್ದಾರಲ್ಲ!" ಅಂದೆ.

"ನಿಮ್ಮಲ್ಲಿ ಬರೆಯುವುದಿಲ್ಲವಾ?" ಅಬೆನಾ ಕೇಳಿದಳು.

"ಇಲ್ಲ. ನಮ್ಮಲ್ಲಿ ಮಜ್ಜಿಗೆ ಕೊಡುತ್ತಾರೆ."

ಬೇಲಿ ಇಲ್ಲೂ ಉಂಟು, ಅಷ್ಟಾದರೂ ತಿಳಿಯಿತು. ಬರೆದು ಹಾಕಿದವರ ಮೇಲೆ ಸಿಟ್ಟು ಬರುತ್ತದೆ, ಆದರೆ ಅವರ ಬಾಗಿಲವರೆಗೆ ನಡೆಯುವ ಶ್ರಮವಾದರೂ ಉಳಿಯುತ್ತದೆ.

ಬರೆದಿಲ್ಲದ ಮನೆಗಳಿಗೆಲ್ಲ ಮೆಸೇಜು ಹಾಕಿದೆ. ಕ್ಲಾಸಿಗೆ ಮುಂಚಿನ ವಾರ ಒಂದು ಮನೆಯಿಂದ ಉತ್ತರ ಬಂತು. ಐದು ಜನ ವಿದ್ಯಾರ್ಥಿಗಳಿರುವ ಮನೆ, ಒಂದು ರೂಮು ಖಾಲಿ. ಗುರುವಾರ ಸಂಜೆ ಬರಬೇಕಂತೆ. ಬಂದವರನ್ನೆಲ್ಲ ಮಾತಾಡಿಸಿ ಒಬ್ಬರನ್ನು ಆರಿಸುತ್ತಾರಂತೆ.

ನನ್ನನ್ನು ನೋಡಿದ ಮನೆ

ಇದು ಹೆಣ್ಣು ನೋಡುವ ಶಾಸ್ತ್ರ ಎಂದು ಸೋಫಾದ ಮೇಲೆ ಕೂತ ತಕ್ಷಣ ತಿಳಿಯಿತು. ನನ್ನನ್ನು ಊರಲ್ಲಿ ನೋಡಿದ್ದಾರೆ. ಅಡುಗೆ ಬರುತ್ತಾ ಎಂದು ಕೇಳಿದವರಿಗೆ 'ನಮ್ಮವ್ವ ಇಡೀ ಸ್ಕೂಲಿಗೆ ಮಾಡ್ತಾಳೆ, ನಾನು ತಿಂತೀನಿ' ಅಂದಿದ್ದೆ. ಅವರು ಮಂಡಕ್ಕಿ ತಿಂದು ಎದ್ದುಹೋದವರು ಮತ್ತೆ ಫೋನ್ ಮಾಡಲಿಲ್ಲ. ಇಲ್ಲಿ ವ್ಯತ್ಯಾಸ ಒಂದೇ, ಹೆಣ್ಣುಗಳು ಹಲವರು, ಅವರಲ್ಲಿ ಇಬ್ಬರಿಗೆ ಗಡ್ಡ.

ಮನೆಯ ಹಿರಿಯಳು ಫೆಮ್ಕೆ. ಅಷ್ಟು ಎತ್ತರದ ಹುಡುಗಿಯನ್ನು ನಾನು ನೋಡಿರಲಿಲ್ಲ, ಕುತ್ತಿಗೆ ನೋಯಿಸಿಕೊಂಡೇ ಮಾತಾಡಬೇಕು. ಅವಳು ಒಬ್ಬೊಬ್ಬರಿಗೂ ಪ್ರಶ್ನೆ ಹಾಕಿದಳು. "ನಿನ್ನಲ್ಲಿ ಬೇರೆಯವರಿಗೆ ಕಿರಿಕಿರಿ ಆಗೋದು ಏನು?"

"ನನ್ನ ದನಿ," ಅಂದೆ. "ನಮ್ಮೂರಲ್ಲಿ ಹೊಲದ ಈ ಬದುವಿನಿಂದ ಆ ಬದುವಿಗೆ ಮಾತಾಡಿ ರೂಢಿ. ಗುಟ್ಟು ಹೇಳಿದರೂ ಪಕ್ಕದ ಹೊಲಕ್ಕೆ ಕೇಳಿಸುತ್ತೆ."

ಎಲ್ಲರೂ ನಕ್ಕರು. ಗೆದ್ದೆ ಎನ್ನಿಸಿತು. ನಡುವೆ ಟಾಯ್ಲೆಟ್ಟಿಗೆ ಹೋದರೆ ಗೋಡೆಯ ಮೇಲೆ ಮನೆಮಂದಿಯ ಹುಟ್ಟುಹಬ್ಬ ಬರೆದ ಕ್ಯಾಲೆಂಡರು. ಅಲ್ಲಾದರೆ ಎಲ್ಲರೂ ದಿನಾ ನೋಡುತ್ತಾರಂತೆ. ಈ ಜನಕ್ಕೆ ತಲೆ ಇದೆ ಎಂದುಕೊಂಡೆ. ವಾಪಸ್ ಬಂದಾಗ ಬಟಾಣಿ ಸೂಪಿನ ದೊಡ್ಡ ಪಾತ್ರೆ ಬಂದಿತ್ತು. "ಸೂಪ್?" ಎಂದು ಕೇಳಿದರು. ಬೆಳಗಿನಿಂದ ಒಂದು ಬಾಳೆಹಣ್ಣಿನಲ್ಲೇ ಇದ್ದೆ. "ಬೇಡ," ಅಂದೆ. ಸೌಟು ಪಕ್ಕದ ಹುಡುಗನ ಬಟ್ಟಲಿಗೆ ಹೋಯಿತು.

ಕೊನೆಗೆ ಫೆಮ್ಕೆ ಸುತ್ತಲೂ ನೋಡಿ, "ಸರಿ, ಈ ರೂಮು ಯಾರಿಗೆ ನಿಜವಾಗಿ ಬೇಕು?" ಅಂದಳು.

ಒಬ್ಬಳು, "ನನಗೆ ಬೇಕು, ನಾನು ತುಂಬಾ ಚೊಕ್ಕಟ," ಅಂದಳು. ಗಡ್ಡದವನೊಬ್ಬ, "ನನ್ನನ್ನೇ ಆರಿಸಿ, ನಾನು ಒಳ್ಳೆ ಅಡುಗೆ ಮಾಡ್ತೀನಿ," ಅಂದ. ಎಂಥ ನಾಚಿಕೆಗೆಟ್ಟವರು! ಬೇಕು ಬೇಕು ಎಂದು ಬಾಯಿಬಿಟ್ಟು! ನನ್ನ ಸರದಿ ಬಂತು. ಇವರಿಗೆ ಸಂಸ್ಕಾರ ಎಂದರೇನೆಂದು ತೋರಿಸೋಣ ಎಂದು ಎದೆಯ ಮೇಲೆ ಕೈಯಿಟ್ಟು ಹೇಳಿದೆ.

"ಅಯ್ಯೋ ಇಲ್ಲ, ಪರವಾಗಿಲ್ಲ. ನನಗಿಂತ ಅಗತ್ಯ ಇರೋರು ಇದ್ದಾರೆ. ಅವರಿಗೇ ಕೊಡಿ."

ಚನ್ನಗಿರಿಯಿಂದ ಜಗಳೂರಿನವರೆಗೆ ಯಾವ ಮನೆಯಲ್ಲಿ ಹೀಗೆ ಹೇಳಿದರೂ ಅರ್ಥ ಒಂದೇ: ಸಾಯುತ್ತಿದ್ದೇನೆ, ಕೊಡಿ. 'ಇಲ್ಲ ಇಲ್ಲ, ನೀನೇ ತಗೋಬೇಕು' ಎಂದು ಅವರು ಒತ್ತಾಯ ಮಾಡಬೇಕು. ಫೆಮ್ಕೆ "ಓಕೆ," ಅಂದಳು. ಮುಂದಿನವರ ಕಡೆ ತಿರುಗಿದಳು.

ಎಲ್ಲರೂ ಒಳಗೆ ಹೋಗಿ ಮಾತಾಡಿಕೊಂಡು ಆಮೇಲೆ ಕೇಳುತ್ತಾರೆ ಎಂದುಕೊಂಡು ಹಾಸ್ಟೆಲಿಗೆ ಹಾಡು ಗುನುಗುತ್ತ ಬಂದೆ.

ಶುಕ್ರವಾರ

ಬೆಳಿಗ್ಗೆ ಮೆಸೇಜು: 'ನಮಗೆಲ್ಲ ನೀನೇ ಹೆಚ್ಚು ಇಷ್ಟವಾಗಿದ್ದೆ. ಆದರೆ ನಿನಗೆ ರೂಮು ಬೇಡ ಅಂದೆಯಲ್ಲ, ಅಡುಗೆ ಮಾಡುವ ಹುಡುಗನಿಗೆ ಕೊಟ್ಟೆವು. ಒಳ್ಳೆಯದಾಗಲಿ.'

ಅದನ್ನು ಎಷ್ಟು ಸಲ ಓದಿದರೂ ಅಷ್ಟೇ ಇತ್ತು. ಅವ್ವನಿಗೆ ವಿಡಿಯೋ ಕರೆ ಮಾಡಿದೆ. ರೂಮಿಲ್ಲ ಎಂಬ ಸತ್ಯವನ್ನೂ ಅವತ್ತೇ ಹೇಳಿದೆ. ಬಯ್ಯುತ್ತಾಳೆ ಅಂದುಕೊಂಡರೆ ಅವಳ ಸಿಟ್ಟೆಲ್ಲ ಅವರ ಮೇಲೆ ತಿರುಗಿತು.

"ಎಷ್ಟ್ ಸಲ ಕೇಳಿದ್ರು?"

"ಒಂದೇ ಸಲ."

"ಒಂದೇ ಸಲಕ್ಕೆ ಬಿಟ್ರಾ? ಅದೆಂಥ ಜನಾನೇ! ಹೆತ್ತೋರು ಹೇಳ್ಕೊಟ್ಟಿಲ್ವಾ ಅವ್ರಿಗೆ?"

"ಈಗೇನ್ ಮಾಡ್ಲಿ ಅವ್ವ? ಸೋಮವಾರ ಕ್ಲಾಸು."

"ಮಾಡೋದೇನು, ಹೋಗು. ಹೋಗಿ ಹೇಳು. ಹೊನ್ನಾಳಿಯಾಕೆ ಗೇಟ್ ಮುಂದೆ ದಿನಾ ಹೋಗಾಕೆ ನಾಚಿಕೆ ಆಗ್ಲಿಲ್ಲ, ಇವ್ರ ಹತ್ರ ಆಗ್ತೈತಾ?"

ಹೋದೆ. ಫೆಮ್ಕೆ ಬಾಗಿಲು ತೆಗೆದು ಆಶ್ಚರ್ಯಪಟ್ಟಳು. ನಿಂತಲ್ಲೇ ಹೇಳಿದೆ, "ನಮ್ಮಲ್ಲಿ ಮೊದಲನೇ ಬೇಡಕ್ಕೆ ಏನೂ ಅರ್ಥ ಇಲ್ಲ."

ಅವಳು ಯೋಚಿಸಿದಳು. "ಹಾಗಾದರೆ ನಿಜವಾಗಿಯೂ ಬೇಡದಿದ್ದರೆ ಏನಂತೀರಿ?"

"ಬೇಡ ಅಂತಲೇ."

"ಮತ್ತೆ ಎದುರಿನವರಿಗೆ ಹೇಗೆ ಗೊತ್ತಾಗುತ್ತೆ?"

"ಮುಖ ನೋಡಬೇಕು."

ಫೆಮ್ಕೆ ಬಗ್ಗಿ ನನ್ನ ಮುಖ ನೋಡಿದಳು, ನಿಜವಾಗಿ. "ಈಗ ಹಸಿವಾಗಿದೆಯಾ?"

"ನಿನ್ನೆಯಿಂದ."

ಒಳಗೆ ಕರೆದು ಉಳಿದಿದ್ದ ಬಟಾಣಿ ಸೂಪು ಬಿಸಿ ಮಾಡಿ ಕೊಟ್ಟಳು. ರೂಮು ಕೊಟ್ಟ ಮಾತು ಹಿಂದಕ್ಕೆ ತೆಗೆದುಕೊಳ್ಳಲಾಗುವುದಿಲ್ಲ ಎಂದು ನೇರವಾಗಿಯೇ ಹೇಳಿದಳು. ಆಮೇಲೆ ತನ್ನ ಅಜ್ಜಿಯ ಗೆಳತಿ ರೀತ್ ಎಂಬವರ ಮನೆಯ ಅಟ್ಟದಲ್ಲಿ ಒಂದು ರೂಮು ಖಾಲಿಯಾಗಿದೆ, ಫೋನ್ ಮಾಡುತ್ತೇನೆ ಎಂದಳು. "ಆದರೆ ಹುಷಾರು. ಅವರು ನಮ್ಮ ಹಾಗೆ ಮೃದು ಅಲ್ಲ."

ಇವರು ಮೃದುವಂತೆ!

ರೀತ್ ಅವರ ಅಡುಗೆಮನೆ

ಶನಿವಾರ ಹೊರಡುವ ಮುಂಚೆ ಅಬೆನಾ ನನಗೆ ತಾಲೀಮು ಮಾಡಿಸಿದಳು. ಅವಳು ಒಂದೊಂದೇ ಕೇಳುವುದು, ನಾನು ಬೇಕು ಎನ್ನುವುದು. ಚಹಾ? ಬೇಕು. ಕುರ್ಚಿ? ಬೇಕು. ರೂಮು? ಅಲ್ಲಿ ನಾಲಿಗೆ ತಡೆಯಿತು. "ಮತ್ತೆ," ಅಂದಳು. "ಏನು ಕೇಳಿದರೂ ಹೌದು ಅನ್ನು. ಯೋಚನೆ ಮಾಡಬೇಡ. ನೀನು ಯೋಚನೆ ಮಾಡಿದರೆ ಕೆಡಿಸುತ್ತೀಯ."

ರೀತ್ ಎಪ್ಪತ್ತು ದಾಟಿದವರು. ಆ ಊರಿನ ಬಸ್ಸು ಓಡಿಸಿ ನಿವೃತ್ತಿಯಾದವರು. ಕುರ್ಚಿಯಲ್ಲಿ ಕೂತರೂ ಸ್ಟೀರಿಂಗ್ ಹಿಡಿದವರಂತೆ ಕೈ ಮುಂದಿಟ್ಟುಕೊಂಡೇ ಕೂರುತ್ತಾರೆ.

"ಕಾಫಿ?"

"ಹೌದು." ಹಾಲಿಲ್ಲ, ಸಕ್ಕರೆಯಿಲ್ಲ, ಕಷಾಯ. ಕುಡಿದೆ.

"ಬಿಸ್ಕತ್ತು?"

"ಹೌದು." ಡಬ್ಬಿಯಿಂದ ಒಂದು ತೆಗೆದೆ. ಎರಡನೆಯದಕ್ಕೆ ಕೈ ಹೋಗುವಷ್ಟರಲ್ಲಿ ಮುಚ್ಚಳ ಟಪ್ಪೆಂದು ಬಿತ್ತು.

"ಮೀನು ತಿಂತೀಯಾ?"

"ಹೌದು." ಬೇಯಿಸದ ಮೀನು ಬಂತು, ಮೇಲೆ ಹೆಚ್ಚಿದ ಈರುಳ್ಳಿ. ಬಾಲ ಹಿಡಿದು ಬಾಯಿಗೆ ಇಳಿಬಿಟ್ಟುಕೊಳ್ಳಬೇಕಂತೆ. ಅಬೆನಾಳನ್ನು ನೆನೆದು ಕಣ್ಣು ಮುಚ್ಚಿ ನುಂಗಿದೆ. ಬಸ್ಸು ಓಡಲು ಶುರುವಾಗಿತ್ತು, ಬ್ರೇಕು ನನ್ನ ಕೈಲಿರಲಿಲ್ಲ.

"ಸಿಗರೇಟು ಸೇದುತ್ತೀಯಾ?"

"ಹೌದು!"

ರೀತ್ ಕಾಫಿ ಲೋಟ ಕೆಳಗಿಟ್ಟರು. "ಈ ಮನೆಯಲ್ಲಿ ಸೇದುವವರಿಗೆ ಜಾಗ ಇಲ್ಲ."

"ಇಲ್ಲ ಇಲ್ಲ, ನಾನು ಸೇದಲ್ಲ!"

"ಈಗ ತಾನೇ ಹೌದು ಅಂದೆ."

"ಅದು ಸುಮ್ಮನೆ ಅಂದದ್ದು."

"ಸಿಗರೇಟು ಸೇದುತ್ತೇನೆ ಅಂತ ಸುಮ್ಮನೆ ಯಾರು ಅಂತಾರೆ?"

ಸೀಟು, ವೇತನ, ಎಂ.ಎಸ್ಸಿ., ಎಲ್ಲ ಸೇದದ ಒಂದು ಸಿಗರೇಟಿನ ಹೊಗೆಯಲ್ಲಿ ಹೋಗುತ್ತಿದ್ದವು. ಇನ್ನು ತಾಲೀಮು ಸಾಕೆಂದು ಇದ್ದದ್ದನ್ನು ಇದ್ದಂತೆ ಹೇಳಿದೆ: ದೊಡ್ಡವ್ವನ ರೊಟ್ಟಿ, ಎರಡು ಸಲದ ಬೇಡ, ಕೈತಪ್ಪಿದ ರೂಮು, ಏನು ಕೇಳಿದರೂ ಹೌದು ಎನ್ನುವ ಉಪದೇಶ. ರೀತ್ ನಗಲಿಲ್ಲ. "ಹಾಗಾದರೆ ಮೀನು?" ಎಂದರು.

"ಇಷ್ಟ ಆಗಲಿಲ್ಲ."

"ಕಾಫಿ?"

"ಕಹಿ."

"ಒಳ್ಳೆಯದು. ಈಗ ಮಾತಾಡಬಹುದು." ಕಾಲು ಚಾಚಿ ಕೂತರು. "ನಿಮ್ಮೂರಲ್ಲಿ ಬಸ್ಸು ಎಲ್ಲಿ ನಿಲ್ಲುತ್ತೆ?"

ಬಸ್ಸಿನವರಿಗೆ ಊರೆಂದರೆ ಸ್ಟಾಪು. "ಗುಡಿ ಮುಂದೆ," ಅಂದೆ.

"ನಿಮ್ಮ ಮನೆ ಅಲ್ಲೇನಾ?"

"ಅಲ್ಲಲ್ಲ. ಊರಿನಿಂದ ಹೊರಗೆ, ಕೆರೆ ಏರಿ ದಾಟಿ."

"ಓಹೋ, ಶ್ರೀಮಂತರು!" ಅಂದರು ರೀತ್. "ಇಲ್ಲೂ ಹಾಗೇ. ದುಡ್ಡಿದ್ದವರೆಲ್ಲ ಊರ ಹೊರಗೆ, ನೀರಿನ ಪಕ್ಕ ಮನೆ ಕಟ್ಟುತ್ತಾರೆ."

ನನಗೆ ನಗು ಬಂತು. ಸಣ್ಣ ನಗುವಲ್ಲ, ಹೊಲದ ಬದುವಿನ ನಗು. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಮ್ಮ ಕಾಲೋನಿಯ ಶ್ರೀಮಂತರನ್ನೆಲ್ಲ ಒಬ್ಬೊಬ್ಬರಾಗಿ ನೆನೆದುಕೊಂಡು ನಕ್ಕೆ. ಇಷ್ಟಕ್ಕೇ ಬಿಡಬಹುದಿತ್ತು. ಶ್ರೀಮಂತಳಾಗಿಯೇ ಅಟ್ಟ ಏರಬಹುದಿತ್ತು, ಅವರಿಗೆ ಎಂದೂ ತಿಳಿಯುತ್ತಿರಲಿಲ್ಲ. ಆದರೆ ಈ ಪ್ರಶ್ನೆಗೆ ಉತ್ತರ ಹೇಳಿಯೇ ನಾನು ಇಷ್ಟು ದೂರ ಬಂದವಳು.

"ನಾವು ಹೊರಗಿರೋದು ದುಡ್ಡಿದ್ದು ಅಲ್ಲ," ಅಂದೆ. "ಒಳಗೆ ಇರಾಕೆ ಬಿಡಲಿಲ್ಲ ಅಂತ. ಯಾವ ಜಾತಿಯಲ್ಲಿ ಹುಟ್ಟಿದರು ಅಂತ ನೋಡಿ ಜನರನ್ನು ಊರಾಚೆ ಇಟ್ಟಿದ್ದರು, ನಾವು ಆ ಜನ. ನಮಗೆ ಬಾಡಿಗೆಗೂ ಮನೆ ಕೊಡೋದು ಕಷ್ಟ. ಕೊಡಲ್ಲ ಅಂತ ಹೇಳೋದೂ ಇಲ್ಲ." ಇಂಗ್ಲಿಷಿನಲ್ಲಿ ಹೇಳುತ್ತಿದ್ದವಳು ನಡುವೆ ಒಂದೆರಡು ಮಾತು ಕನ್ನಡದಲ್ಲೇ ಆಡಿದೆನೆಂದು ಆಮೇಲೆ ತಿಳಿಯಿತು.

ರೀತ್ ಕೇಳಿಸಿಕೊಂಡರು. ಅಯ್ಯೋ ಪಾಪ ಎನ್ನಲಿಲ್ಲ, ಕೈ ಹಿಡಿಯಲಿಲ್ಲ. "ಮೂರ್ಖತನ," ಅಂದರು.

"ಹೌದು."

"ಮೂರ್ಖರು ಇಲ್ಲೂ ಇದ್ದಾರೆ. ಪಕ್ಕದ ಮನೆಯಲ್ಲೇ ಒಬ್ಬ. ಕಿಟಕಿ ತೆರೆದಿದೆ, ಅವನಿಗೆ ಕೇಳಿಸುತ್ತಿರಬೇಕು. ಕೇಳಿಸಲಿ." ಎದ್ದು ನಿಂತರು. "ಬಾ."

ಮೆಟ್ಟಿಲಲ್ಲ ಅದು, ಕಣಜಕ್ಕೆ ಹಾಕುವ ಏಣಿ. ಅವರು ಸರಸರ ಏರಿದರು, ಕೈ ಕಾಲು ಎರಡೂ ಬಳಸಿ ನಾನು ಹಿಂದೆ. ಮೇಲೆ ಮಂಚ, ಮೇಜು, ಇಳಿಜಾರು ಮಾಡಿಗೆ ಒಂದು ಕಿಟಕಿ. ನನ್ನ ಎತ್ತರದವರು ನಡುವಿನಲ್ಲಿ ಮಾತ್ರ ನೆಟ್ಟಗೆ ನಿಲ್ಲಬಹುದು. ಕಿಟಕಿಯಿಂದ ನೋಡಿದರೆ ಕೆಳಗೆ ಮೆಕ್ಕೆಜೋಳ, ಉದ್ದಕ್ಕೂ. ಹಸುಗಳ ಮೇವಿಗಂತೆ. ತೆನೆ ಬಂದ ಬೆಳೆಯನ್ನು ಹಸಿರಿರುವಾಗಲೇ ಕತ್ತರಿಸಿ ಹಾಕುತ್ತಾರಂತೆ. ನ್ಯಾಮತಿಯ ವ್ಯಾಪಾರಿ ಕಂಡಿದ್ದರೆ ಎದೆ ಹಿಡಿದುಕೊಳ್ಳುತ್ತಿದ್ದ.

ರೀತ್ ಬಾಗಿಲಲ್ಲಿ ನಿಂತಿದ್ದರು. "ಮಧ್ಯಾಹ್ನ ಇನ್ನೊಬ್ಬಳು ನೋಡಲು ಬರುತ್ತಾಳೆ. ನಾನು ಒಂದೇ ಸಲ ಕೇಳುವುದು. ಬೇಕಾ?"

ಅವ್ವ, ದೊಡ್ಡವ್ವ, ಅವರ ಅವ್ವಂದಿರು, ಎಲ್ಲರೂ ಕೂಡಿ ನನ್ನ ಬಾಯಿಗೆ ಒಂದು ಬೇಡವನ್ನು ತಳ್ಳಿದರು. ಅದನ್ನು ನುಂಗಿದೆ. ಹಸಿ ಮೀನಿಗಿಂತ ಕಷ್ಟವಾಯಿತು.

"ಬೇಕು!"

ಕನ್ನಡದಲ್ಲಿ, ಅದೂ ಬದುವಿನಿಂದ ಬದುವಿಗೆ ಕೂಗುವ ದನಿಯಲ್ಲಿ. ಇಂಗ್ಲಿಷಿನಲ್ಲಿ ಮತ್ತೆ ಹೇಳಲು ಬಾಯಿ ತೆರೆದೆ. ರೀತ್ ಕೈಯೆತ್ತಿ ತಡೆದರು. "ಅರ್ಥ ಆಯಿತು. ಪಕ್ಕದ ಮನೆಯವನಿಗೂ ಆಯಿತು," ಎಂದು ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಏಣಿ ಇಳಿದರು.

ವಿಳಾಸ

ಹಾಸ್ಟೆಲಿನಿಂದ ಸೂಟ್‌ಕೇಸು ತಂದು, ಅಬೆನಾಳೂ ನಾನೂ ಏಣಿಯಲ್ಲಿ ಅದನ್ನು ಎಳೆದು ಹಾಕಿ, ಕೆಳಗೆ ಅಡುಗೆಮನೆಯಲ್ಲಿ ಕೂತು ಅವ್ವನಿಗೆ ಕರೆ ಮಾಡಿದೆ. ನಗರಸಭೆಗೆ ಕೊಡುವ ಕಾಗದಕ್ಕೆ ರೀತ್ ಎದುರಿಗೇ ಸಹಿ ಹಾಕುತ್ತಿದ್ದರು.

"ಕೊಟ್ರಾ?" ಅವ್ವನ ಮುಖ ಇಡೀ ಫೋನಿನ ತುಂಬ.

"ಕೊಟ್ರು ಕಣವ್ವ."

"ಯಾವ ಜನ ಅಂತ ಕೇಳಿದ್ರಾ?"

"ಇಲ್ಲ. ನಾನೇ ಹೇಳಿದೆ."

ಅವ್ವ ಫೋನನ್ನು ಇನ್ನೂ ಹತ್ತಿರ ಹಿಡಿದಳು, ಬರೀ ಕಣ್ಣು ಕಾಣಿಸಿತು.

"ಹೇಳಿದ್ ಮ್ಯಾಲೂ ಕೊಟ್ರಾ?"

"ಹ್ಞೂಂ."

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಫೋನನ್ನು ಮನೆ ಕೊಟ್ಟ ಆಕೆಗೆ ತೋರಿಸು ಎಂದಳು. ತೋರಿಸಿದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವ್ವ ಕೈ ಮುಗಿದಳು, ರೀತ್ ಪೆನ್ನು ಹಿಡಿದ ಕೈಯನ್ನೇ ಆಡಿಸಿದರು.

"ಊಟ ಆಯ್ತಾ ಅಂತ ಕೇಳು ಆಕೀನ," ಅಂದಳು ಅವ್ವ.

"ನೀವು ಊಟ ಮಾಡಿದ್ರಾ ಅಂತ ನಮ್ಮವ್ವ ಕೇಳ್ತಿದ್ದಾಳೆ," ಅಂದೆ.

ರೀತ್ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಸ್ಕ್ರೀನನ್ನು ನೋಡಿದರು. ಬಿಸ್ಕತ್ತಿನ ಡಬ್ಬಿಯನ್ನು ತಮ್ಮ ಕಡೆಗೆ ಒಂದು ಗೇಣು ಎಳೆದುಕೊಂಡರು.

"ಯಾಕೆ? ಅವರೂ ಇಲ್ಲಿಗೆ ಬರುತ್ತಿದ್ದಾರಾ?"

"ಏನಂದ್ರೇ?" ಅವ್ವ ಕೇಳಿದಳು.

"ಆಯ್ತಂತೆ ಕಣವ್ವ," ಅಂದೆ. "ನಿಂದು ಆಯ್ತಾ ಅಂತ ಕೇಳ್ತಾ ಇದಾರೆ."